ಡಬ್ಬಿಯೊಳಗಿನ ಅರಿಶಿನದ ಬಗ್ಗೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಜಿಲ್ಲಾ ಆಯುಷ್ ಅಧಿಕಾರಿಗಳು,
ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಮಂಡಿನೋವು ಮತ್ತು ಉರಿಯೂತಕ್ಕೆಂದು ಮಾರಾಟವಾಗುತ್ತಿರುವ ಕರ್ಕ್ಯುಮಿನ್ (ಅರಿಶಿನದ ಹಳದಿ ಸತ್ವ) ಕ್ಯಾಪ್ಸೂಲುಗಳ ಬಗ್ಗೆ.

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನಿಗೆ ಅರಿಶಿನ ಕಾಮಾಲೆ ಆಯಿತು. ಕಾಯಿಲೆಯ ಹೆಸರಿನಲ್ಲಿಯೇ ಅರಿಶಿನವಿದ್ದರೂ ಕಾರಣವೂ ಅರಿಶಿನದ ಕಡೆಯಿಂದಲೇ ಬಂದಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಿಗೆ ಅರವತ್ತಮೂರು ವರ್ಷ, ದೇವಿಮನೆ ಘಟ್ಟದ ಕೆಳಗೆ, ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವಳ ಮಂಡಿ ಹೇಗಿರಬೇಕೋ ಹಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ನೋವಿನ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಬಿಟ್ಟಿದ್ದಳು. ಅದರ ಬದಲು ಸಂತೆಯಲ್ಲಿ ಕೊಂಡ ಅರಿಶಿನದ ಸಾರದ ಕ್ಯಾಪ್ಸೂಲು ನುಂಗತೊಡಗಿದ್ದು ನಮಗೆ ಆಗ ಗೊತ್ತಿರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಮೈತುರಿಕೆ ಶುರುವಾಯಿತು, ಊಟ ಸೇರದಾಯಿತು, ಆಮೇಲೆ ಕಣ್ಣು ಹಳದಿಯಾಯಿತು. ಮಳೆಗಾಲವಾದ್ದರಿಂದ ಮೊದಲು ಇಲಿಜ್ವರವಿರಬಹುದೆಂದು ರಕ್ತ ತೆಗೆದರು, ಆಮೇಲೆ ಹೆಪಟೈಟಿಸ್ ಎ, ಇ, ಬಿ, ಸಿ ಎಲ್ಲವನ್ನೂ ನೋಡಿದರು. ಒಂದೂ ಇರಲಿಲ್ಲ. ನಲವತ್ತರ ಆಸುಪಾಸಿನಲ್ಲಿರಬೇಕಾದ ಯಕೃತ್ತಿನ ಕಿಣ್ವ ಸಾವಿರ ದಾಟಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಜಿಲ್ಲೆಯವರು ಮಾಡುವುದನ್ನೇ ನಾವೂ ಮಾಡಿದೆವು: ಕಾರು ಮಾಡಿಕೊಂಡು ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಹೋದೆವು.

ಅಲ್ಲಿ ಒಂಬತ್ತನೆಯ ದಿನ ಒಬ್ಬ ಯುವ ವೈದ್ಯೆ ಹಾಸಿಗೆಯ ಪಕ್ಕ ಕುಳಿತು, ‘ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಿರಾ?’ ಎಂದು ಕೇಳಿದರು. ಅಕ್ಕ ಇಲ್ಲವೆಂದಳು. ಹಿಂದೆಯೂ ಎರಡು ಕಡೆ ಹಾಗೆಯೇ ಹೇಳಿದ್ದಳು. ಆ ವೈದ್ಯೆ ಅಷ್ಟಕ್ಕೇ ಬಿಡದೆ, ‘ಔಷಧಿಯಲ್ಲ, ಡಬ್ಬಿಯಲ್ಲಿ ಬರುವಂಥದ್ದು ಏನಾದರೂ?’ ಎಂದು ಕೇಳಿದಾಗ ಅಕ್ಕ ನನ್ನ ಕಡೆ ತಿರುಗಿ, ‘ಕನ್ನಡಕದ ಹತ್ತಿರ ಒಂದು ಡಬ್ಬಿ ಇದ್ದು ತಮಾ, ಆದರೆ ಅದು ಔಷಧಿ ಅಲ್ಲ, ಅರಿಶಿನ’ ಎಂದಳು. ಅವಳು ಮುಚ್ಚಿಟ್ಟಿರಲಿಲ್ಲ. ಅರಿಶಿನವನ್ನು ಔಷಧಿಯ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವಳಿಗೆ ತಿಳಿದಿರಲಿಲ್ಲ, ಅಷ್ಟೆ. ಕ್ಯಾಪ್ಸೂಲು ನಿಲ್ಲಿಸಿದ ಮೇಲೆ ಮೂರು ತಿಂಗಳಲ್ಲಿ ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯಿತು. ಬೇರೆ ಕಾರಣ ಸಿಗದಿರುವುದರಿಂದಲೂ, ನಿಲ್ಲಿಸಿದ ಮೇಲೆ ಇಳಿದಿರುವುದರಿಂದಲೂ ಅದೇ ಕಾರಣವಿರುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ಹೇಳಿದರು. ಖಚಿತವೆಂದು ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಒಂದು ಪ್ರಕರಣದಿಂದ ಸಿದ್ಧಾಂತ ಕಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದ್ದರಿಂದಲೇ ಆ ಡಬ್ಬಿಯನ್ನು ಮನೆಗೆ ತಂದು, ಅದರ ಮೇಲೆ ಬರೆದಿರುವುದನ್ನು ಭೂತಗನ್ನಡಿ ಹಿಡಿದು ಓದಿ, ಈ ವಿಷಯದಲ್ಲಿ ಜಗತ್ತಿನ ಬೇರೆಡೆ ಏನು ಗೊತ್ತಾಗಿದೆ ಎಂಬುದನ್ನು ಆರು ತಿಂಗಳು ಕುಳಿತು ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಡಬ್ಬಿಯ ಮೇಲಿನ ಅಕ್ಷರಗಳು ಎಳ್ಳಿಗಿಂತ ಸಣ್ಣವು, ಎಲ್ಲವೂ ಇಂಗ್ಲಿಷಿನಲ್ಲಿ. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ ಶೇಕಡಾ 95 ಕರ್ಕ್ಯುಮಿನಾಯ್ಡ್ (ಕರ್ಕ್ಯುಮಿನ್ ಮತ್ತು ಅದರ ಬಳಗದ ವಸ್ತುಗಳು, ಇಲ್ಲಿ ಒಟ್ಟಾಗಿ ಕರ್ಕ್ಯುಮಿನ್ ಎಂದೇ ಕರೆಯುತ್ತೇನೆ), ಜೊತೆಗೆ 5 ಮಿಲಿಗ್ರಾಂ ಪೈಪರಿನ್, ದಿನಕ್ಕೆ ಎರಡು. ಅಂದರೆ ದಿನಕ್ಕೆ 950 ಮಿಲಿಗ್ರಾಂ ಕರ್ಕ್ಯುಮಿನ್. ನಾವು ಅಡುಗೆಗೆ ಬಳಸುವ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಶೇಕಡಾ ಮೂರರಷ್ಟು. ಈ ಲೆಕ್ಕದಲ್ಲಿ ಆ ಎರಡು ಕ್ಯಾಪ್ಸೂಲು 30 ಗ್ರಾಮಿಗೂ ಮಿಕ್ಕಿದ ಅರಿಶಿನ ಪುಡಿಗೆ ಸಮ. ನಮ್ಮ ಮನೆಯಲ್ಲಿ ನಾಲ್ಕು ಜನರ ಸಾರು, ಹುಳಿ, ಪಲ್ಯ, ತಂಬುಳಿಗೆಲ್ಲ ಸೇರಿ ತಿಂಗಳಿಗೆ ನೂರು ಗ್ರಾಂ ಅರಿಶಿನ ಖರ್ಚಾಗುತ್ತದೆ. ನಾಲ್ವರಿಗೆ ಒಂದು ತಿಂಗಳು ಬರುವ ಅರಿಶಿನದ ಸತ್ವವನ್ನು ಅಕ್ಕ ಒಬ್ಬಳೇ ಮೂರು ದಿನಕ್ಕೆ ಮುಗಿಸುತ್ತಿದ್ದಳು, ಅದೂ ಎರಡು ತಿಂಗಳು. ಆಯುಷ್ ಅಧಿಕಾರಿಗಳು ಗಮನಿಸಬೇಕಾದ ಮಾತೊಂದಿದೆ: ಔಷಧಗಳ ಅಧಿಕೃತ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಹರಿದ್ರಾ ಚೂರ್ಣದ, ಎಂದರೆ ಅರಿಶಿನ ಪುಡಿಯ, ಪ್ರಮಾಣ 1ರಿಂದ 3 ಗ್ರಾಂ ಎಂದಿದೆ. ಆದ್ದರಿಂದ ನನ್ನ ದೂರು ಆಯುರ್ವೇದದ ಮೇಲಲ್ಲ. ಈ ಡಬ್ಬಿ ಆಯುರ್ವೇದ ಹೇಳಿದ ಅಳತೆಯನ್ನೇ ಹತ್ತು ಪಟ್ಟು ಮೀರಿದೆ. ಆಹಾರಕ್ಕೆ ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟಿರುವ ದಿನದ ಮಿತಿ ದೇಹದ ಪ್ರತಿ ಕಿಲೋಗೆ 3 ಮಿಲಿಗ್ರಾಂ, ಎಂದರೆ ಐವತ್ತು ಕಿಲೋ ತೂಗುವ ಅಕ್ಕನಿಗೆ 150 ಮಿಲಿಗ್ರಾಂ. ಆ ಮಿತಿ ದಾಟಿದ ತಕ್ಷಣ ವಿಷವೆಂದು ಅರ್ಥವಲ್ಲ, ಆಯುಷ್ಯವಿಡೀ ತಿಂದರೂ ತೊಂದರೆಯಿಲ್ಲವೆಂದು ಹೇಳಬಹುದಾದ ಗೆರೆ ಅದು. ಆ ಗೆರೆಯನ್ನು ಆರು ಪಟ್ಟು ದಾಟುವವರಿಗೆ ದಾಟುತ್ತಿದ್ದೇವೆಂಬುದಾದರೂ ಗೊತ್ತಿರಬೇಕು.

ಪ್ರಮಾಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಆ 5 ಮಿಲಿಗ್ರಾಂ ಪೈಪರಿನ್. ಅದು ಬೇರೇನಲ್ಲ, ನಮ್ಮ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಕಾಳುಮೆಣಸಿನ ಖಾರ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದೇ ಕಾಳಿನಿಂದಾಗಿ. ಎರಡು ಕ್ಯಾಪ್ಸೂಲಿನಲ್ಲಿರುವ ಪೈಪರಿನ್ ನಾಲ್ಕೈದು ಕಾಳಿನಲ್ಲಿ ಸಿಗುವಷ್ಟು ಮಾತ್ರ. ಅದನ್ನು ಯಾಕೆ ಸೇರಿಸುತ್ತಾರೆಂಬುದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲಿಯೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದಾಗ ಅದು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ ಕಂಡಿತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಸೇರುವ ಕರ್ಕ್ಯುಮಿನ್ ಶೇಕಡಾ 2000ದಷ್ಟು ಹೆಚ್ಚಿತು. ಈ ಅಂಕಿಯನ್ನು ಜಾಹೀರಾತಿನವರು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಹೆಚ್ಚಿದ್ದು ಹೇಗೆ ಎಂಬುದನ್ನು ಮಾತ್ರ ಯಾವ ಡಬ್ಬಿಯೂ ಹೇಳುವುದಿಲ್ಲ. ಕರುಳು ಮತ್ತು ಯಕೃತ್ತು ಕರ್ಕ್ಯುಮಿನ್ ಅನ್ನು ಹೊರಗೆ ಹಾಕಬೇಕಾದ ವಸ್ತುವೆಂದು ಎಣಿಸಿ, ಅದಕ್ಕೆ ಒಂದು ಸಕ್ಕರೆಯಂಥ ಆಮ್ಲವನ್ನು ಜೋಡಿಸಿ ಸಾಗಹಾಕುತ್ತವೆ. ಪೈಪರಿನ್ ಆ ಸಾಗಹಾಕುವ ಕೆಲಸವನ್ನೇ ತಡೆಯುತ್ತದೆ. ಬಾಗಿಲು ಕಾಯುವವನನ್ನು ಮಲಗಿಸಿ ಒಳಗೆ ಹೋದಂತೆ. ಕಾಯುವವನು ಮಲಗಿದರೆ ಒಳಗೆ ನುಗ್ಗುವುದು ಕರ್ಕ್ಯುಮಿನ್ ಒಂದೇ ಅಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್, ಇವುಗಳ ಪ್ರಮಾಣವೂ ಪೈಪರಿನ್‌ನಿಂದ ರಕ್ತದಲ್ಲಿ ಏರುತ್ತದೆಂದು ಮನುಷ್ಯರ ಮೇಲೆ ನಡೆದ ಅಧ್ಯಯನಗಳೇ ತೋರಿಸಿವೆ. ಮಂಡಿನೋವಿನ ವಯಸ್ಸಿನವರೆಂದರೆ ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ನುಂಗುವ ವಯಸ್ಸಿನವರೇ ಅಲ್ಲವೇ?

ಹಾಗಾದರೆ ನಮ್ಮ ಕಷಾಯದ ಗತಿಯೇನು ಎಂದು ಓದುವವರು ಕೇಳಿಯಾರು. ಕೊತ್ತಂಬರಿ, ಜೀರಿಗೆ, ಮೆಣಸು, ಚಿಟಿಕೆ ಅರಿಶಿನ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ನಾವು ಬೆಳಗ್ಗೆ ಸಂಜೆ ಕುಡಿಯುವುದರಲ್ಲಿಯೂ ಅದೇ ಎರಡು ವಸ್ತು ಇವೆ. ಆದರೆ ಒಂದು ಲೋಟ ಕಷಾಯದಲ್ಲಿರುವ ಅರಿಶಿನದಿಂದ ಬರುವ ಕರ್ಕ್ಯುಮಿನ್ ಹತ್ತು ಮಿಲಿಗ್ರಾಮನ್ನೂ ಮುಟ್ಟುವುದು ಕಷ್ಟ. ಅರಿಶಿನದ ಎಲೆಯಲ್ಲಿ ಬೇಯಿಸಿದ ಕಡುಬಿಗೂ, ಕಾರವಾರದವರ ಪಾತೋಳಿಗೂ ಈ ಪತ್ರಕ್ಕೂ ಸಂಬಂಧವಿಲ್ಲ. ಯಾರೂ ನಾಳೆಯಿಂದ ಸಾರಿಗೆ ಅರಿಶಿನ ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ.

ಈ ಕ್ಯಾಪ್ಸೂಲಿನಿಂದ ಪ್ರಯೋಜನವೇ ಇಲ್ಲವೆಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ಜನರಿಗೆ ನಾಲ್ಕು ವಾರ ಅರಿಶಿನದ ಸಾರವನ್ನೋ ಐಬುಪ್ರೊಫೆನ್ ಅನ್ನೋ ಕೊಟ್ಟು ಹೋಲಿಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋವು ಇಳಿದದ್ದು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ, ಹೊಟ್ಟೆಯ ತೊಂದರೆ ಅರಿಶಿನದವರಿಗೆ ಕಡಿಮೆ. ಅಕ್ಕನಂಥವರಿಗೆ ಇದು ಸಣ್ಣ ಮಾತಲ್ಲ. ಆದರೆ ಅಲ್ಲಿ ಔಷಧವಿಲ್ಲದ ಹುಸಿಮಾತ್ರೆ ಪಡೆದ ಮೂರನೆಯ ಗುಂಪು ಇರಲಿಲ್ಲ, ಮತ್ತು ನಾಲ್ಕು ವಾರವೆಂದರೆ ಯಕೃತ್ತಿನ ತೊಂದರೆ ಕಾಣಿಸಿಕೊಳ್ಳುವಷ್ಟು ದೀರ್ಘ ಕಾಲವಲ್ಲ. ಇನ್ನೂ ಕಟ್ಟುನಿಟ್ಟಾಗಿ ನಡೆದದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಪ್ರಯೋಗ. ಮಂಡಿಯಲ್ಲಿ ನೋವಿನ ಜೊತೆಗೆ ನೀರು ತುಂಬಿ ಉರಿಯೂತವಿದ್ದ 70 ಜನರಿಗೆ 12 ವಾರ ಅರಿಶಿನದ ಸಾರ ಅಥವಾ ಹುಸಿಮಾತ್ರೆ ಕೊಟ್ಟು, ಮೊದಲೂ ಕೊನೆಗೂ ಎಂಆರ್‌ಐ ಮಾಡಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ನೂರರ ಅಳತೆಯಲ್ಲಿ ನೋವು ಹುಸಿಮಾತ್ರೆಯವರಿಗಿಂತ ಸುಮಾರು ಒಂಬತ್ತು ಅಂಕ ಹೆಚ್ಚು ಇಳಿಯಿತು. ಆದರೆ ಎಂಆರ್‌ಐಯಲ್ಲಿ ಕಂಡ ಉರಿಯೂತದ ನೀರಿನ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ನೋವು ಒಂದಿಷ್ಟು ಕಡಿಮೆಯಾಯಿತು, ಊತ ಹಾಗೆಯೇ ಉಳಿಯಿತು. ಆದರೂ ಡಬ್ಬಿಯ ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಹೊಗಳಿರುವುದು ಉರಿಯೂತ ಇಳಿಸುವ ಗುಣವನ್ನೇ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಉರಿಯೂತದ ಎಷ್ಟೋ ಅಣುಗಳನ್ನು ಅಡಗಿಸುವುದು ನಿಜ. ಆದರೆ ಅದು ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ, ತಾನೇ ಬೆಳಗಿ ಅಳತೆಯ ಯಂತ್ರವನ್ನೂ ಮೋಸಗೊಳಿಸುವ ವಸ್ತುವೆಂದು ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು 2017ರಲ್ಲಿ ವಿವರವಾಗಿ ಬರೆದು ಎಚ್ಚರಿಸಿತು. ಈ ಕ್ಷೇತ್ರದಲ್ಲಿ ಬಹಳ ಉಲ್ಲೇಖಗೊಂಡಿದ್ದ ಅಮೆರಿಕದ ಸಂಶೋಧಕರೊಬ್ಬರ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ನಿಯತಕಾಲಿಕೆಗಳು ಹಿಂತೆಗೆದುಕೊಂಡಿವೆ. ಪಾಠ ಮಾಡುವ ದಿನಗಳಲ್ಲಿ ನಾನೂ ಅರಿಶಿನದ ಮಹಿಮೆಯನ್ನು ಉತ್ಸಾಹದಿಂದ ಹೇಳಿದವನೇ ಆದ್ದರಿಂದ ಇದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವಾಗುತ್ತಿದೆ.

ಇನ್ನು ಅಪಾಯದ ವಿಷಯ. ಇಟಲಿಯಲ್ಲಿ ಅರಿಶಿನದ ಪೂರಕ ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಗುಂಪಾಗಿ ಕಂಡುಬಂದು, 2019ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಲೇಬಲ್ಲಿನ ಮೇಲೆ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಜಾಲವೊಂದು 2004ರಿಂದ 2022ರವರೆಗಿನ ತನ್ನ ದಾಖಲೆಗಳಲ್ಲಿ ಅರಿಶಿನಕ್ಕೆ ಸಂಬಂಧಿಸಿದ ಹತ್ತು ಪ್ರಕರಣ ಗುರುತಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಮೂವರು ಸೇವಿಸಿದ್ದರಲ್ಲಿ ಪೈಪರಿನ್ ಇತ್ತು. ಹತ್ತರಲ್ಲಿ ಏಳು ಜನರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದೇ ಬಗೆಯ ಜೀನ್ ಇತ್ತೆಂಬುದು ಇದರಲ್ಲಿ ಬಹಳ ಮುಖ್ಯ. ಯಾರಿಗೆ ಹಾನಿಯಾಗುತ್ತದೆಂಬುದನ್ನು ಹುಟ್ಟಿನಿಂದಲೇ ಬಂದ ಒಂದು ಗುಣವೂ ನಿರ್ಧರಿಸುತ್ತಿರಬಹುದೆಂದು ಇದರ ಅರ್ಥ. ಹಾಗಿದ್ದಲ್ಲಿ ‘ನಾನು ವರ್ಷದಿಂದ ತಿನ್ನುತ್ತಿದ್ದೇನೆ, ನನಗೇನೂ ಆಗಿಲ್ಲ’ ಎಂಬ ಪಕ್ಕದ ಮನೆಯವರ ಸಾಕ್ಷ್ಯ ಅವರ ಮಟ್ಟಿಗೆ ನಿಜವಾಗಿದ್ದರೂ ಅಕ್ಕನಿಗೆ ಉಪಯೋಗವಿಲ್ಲ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರ ಆಗಸ್ಟಿನಲ್ಲಿ 18 ವರದಿಗಳನ್ನು ಮುಂದಿಟ್ಟು ಜನರನ್ನು ಎಚ್ಚರಿಸಿದರು. ನ್ಯೂಜಿಲೆಂಡಿನಲ್ಲಿ 2018ರಲ್ಲಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದವರೊಬ್ಬರು ಅರಿಶಿನದ ಉತ್ಪನ್ನ ಶುರುಮಾಡಿದ ಮೇಲೆ, ಸಾಮಾನ್ಯವಾಗಿ ಎರಡರಿಂದ ಮೂರರ ನಡುವೆ ಇಡುವ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂಬ ಅಳತೆ) ಹತ್ತನ್ನು ದಾಟಿತು. ಪಿತ್ತಕೋಶದಲ್ಲಿ ಕಲ್ಲಿರುವವರಿಗೂ ಇದು ಹೊಂದುವುದಿಲ್ಲ, ಏಕೆಂದರೆ ಕರ್ಕ್ಯುಮಿನ್ ಪಿತ್ತಕೋಶವನ್ನು ಸಂಕುಚಿಸುತ್ತದೆ.

ಲಕ್ಷಗಟ್ಟಲೆ ಜನ ನುಂಗುವ ವಸ್ತುವಿಗೆ ಈ ಸಂಖ್ಯೆಗಳು ಕಡಿಮೆಯೇ ಎಂಬ ವಾದ ನನಗೆ ಗೊತ್ತು, ಅದರಲ್ಲಿ ಸತ್ಯವೂ ಇದೆ. ಆದರೆ ಆ ದೇಶಗಳಲ್ಲಿ ಈ ಸಂಖ್ಯೆ ಸಿಕ್ಕಿದ್ದು ಯಾರೋ ಕೇಳಿದ್ದರಿಂದ, ಯಾರೋ ಬರೆದುಕೊಂಡಿದ್ದರಿಂದ. ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಕಾಮಾಲೆಯೆಂದರೆ ನೀರಿನ ದೋಷ ಅಥವಾ ಇಲಿಜ್ವರ. ಅದೂ ಅಲ್ಲದಿದ್ದರೆ ನಾಟಿ ಮದ್ದಿಗೆ ಹೋಗಿ ಪಥ್ಯ ಹಿಡಿಯುವುದು. ಪಥ್ಯ ಹಿಡಿದು, ಕ್ಯಾಪ್ಸೂಲನ್ನೂ ನುಂಗುತ್ತಲೇ ಇದ್ದವರು ಎಷ್ಟಿದ್ದಾರೋ. ಅಕ್ಕನೂ ಮೊದಲ ವಾರ ಅದನ್ನೇ ಮಾಡಿದಳು.

1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್ಐಆರ್) ಹಳೆಯ ಗ್ರಂಥಗಳ ಸಾಕ್ಷ್ಯ ಹಿಡಿದು ಹೋರಾಡಿ 1997ರಲ್ಲಿ ಅದನ್ನು ರದ್ದುಪಡಿಸಿತು. ಆ ಸುದ್ದಿಯನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಅಲ್ಲಿ ಗೆದ್ದದ್ದು ಅಜ್ಜಿ ಗಾಯಕ್ಕೆ ಒತ್ತಿದ ಪುಡಿ. ದ್ರಾವಕದಲ್ಲಿ ಸೋಸಿ, ಶೇಕಡಾ 95ಕ್ಕೆ ಏರಿಸಿ, ಪೈಪರಿನ್ ಬೆರೆಸಿದ ಈ ವಸ್ತುವನ್ನು ಯಾವ ಅಜ್ಜಿಯೂ ಕಂಡಿರಲಿಲ್ಲ. ಆದರೂ ಡಬ್ಬಿಯ ಮೇಲೆ ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಸಾಲಿದೆ.

ಈಗ ನನ್ನ ಕೋರಿಕೆಗಳು. ಮಾರಾಟ ನಿಷೇಧಿಸಿ ಎಂದು ಕೇಳುತ್ತಿಲ್ಲ. ಅದು ಜಿಲ್ಲೆಯ ಕೈಯಲ್ಲಿಲ್ಲ, ಆಧಾರವೂ ಅಷ್ಟಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೇಳುವುದು ಒಂದು ಪ್ರಶ್ನೆಯನ್ನು ಮಾತ್ರ. ಹೊರರೋಗಿ ಚೀಟಿ ಬರೆಯುವಾಗ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ತಪಾಸಣೆಯಲ್ಲಿ, ಗೃಹ ಆರೋಗ್ಯ ಯೋಜನೆಯಡಿ ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ, ‘ಬೇರೆ ಔಷಧಿ ಇದೆಯೇ’ ಎಂಬುದರ ಬದಲು ‘ಡಬ್ಬಿಯಲ್ಲಿ, ಬಾಟಲಿಯಲ್ಲಿ, ಪೊಟ್ಟಣದಲ್ಲಿ ಬರುವ ಗಿಡಮೂಲಿಕೆ, ಅರಿಶಿನ, ಶಕ್ತಿಪುಡಿ ಏನಾದರೂ ತೆಗೆದುಕೊಳ್ಳುತ್ತೀರಾ, ಇದ್ದರೆ ತಂದು ತೋರಿಸಿ’ ಎಂದು ಕೇಳುವಂತಾಗಲಿ. ಹೊನ್ನಾವರ ಕಡೆ ಕೊಂಕಣಿಯಲ್ಲಿ, ಘಟ್ಟದ ಮೇಲೆ ಹವ್ಯಕರ ಮನೆಯಲ್ಲಿ ಅವರ ಮಾತಿನಲ್ಲಿ, ಯಾವ ಭಾಷೆಯಲ್ಲಾದರೂ ಸರಿ, ಡಬ್ಬಿಯ ಹೆಸರು ಹಿಡಿದೇ ಕೇಳಬೇಕು. ಕಾರಣ ಸಿಗದ ಕಾಮಾಲೆಯಲ್ಲಿ ಇದು ಮೊದಲ ದಿನದ ಪ್ರಶ್ನೆಯಾಗಬೇಕು, ಒಂಬತ್ತನೆಯ ದಿನದ್ದಲ್ಲ. ಉತ್ತರ ಹೌದೆಂದಾದರೆ ಅದನ್ನು ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ವರದಿ ಮಾಡಬೇಕು. 2010ರಿಂದ ಅದು ನಡೆಯುತ್ತಿದೆ, ರೋಗಿಗಳೂ ನೇರವಾಗಿ ವರದಿ ಮಾಡಬಹುದು, ಆಯುಷ್ ಔಷಧಗಳಿಗೆ ಪ್ರತ್ಯೇಕ ವ್ಯವಸ್ಥೆಯೂ ಇದೆ. ಅಕ್ಕನನ್ನು ನೋಡಿದ ಮೂರು ಆಸ್ಪತ್ರೆಗಳಲ್ಲಿ ಒಂದರಲ್ಲಿಯೂ ಅಂಥ ನಮೂನೆಯನ್ನು ನಮ್ಮ ಮುಂದೆ ಯಾರೂ ತುಂಬಲಿಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇರುವಾಗ ಆ ನಮೂನೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕನ್ನಡದಲ್ಲಿ ಇರುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬೇರೆ ಮಾತಿದೆ. ಅಕ್ಕ ತಂದ ಡಬ್ಬಿಗೆ ಇರುವುದು ಔಷಧದ ಪರವಾನಗಿಯಲ್ಲ, ಆಹಾರದ ಪರವಾನಗಿ. ಆರೋಗ್ಯ ಪೂರಕಗಳ ನಿಯಮದ ಪ್ರಕಾರ ಅದರ ಮೇಲೆ ಔಷಧೀಯ ಬಳಕೆಗಲ್ಲ ಎಂದು ಮುದ್ರಿಸಿರಬೇಕು. ಮುದ್ರಿಸಿದ್ದಾರೆ, ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ. ಲೇಬಲ್ಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕೆಂದು ನಿಯಮವೇ ಹೇಳುವುದರಿಂದ ಅದರಲ್ಲಿ ತಪ್ಪು ಹುಡುಕಲಾಗದು. ಆದರೆ ಸಂತೆಯಲ್ಲಿ ಮೇಜು ಹಾಕಿ ಕುಳಿತವನು ಅದೇ ಡಬ್ಬಿಯನ್ನು ಕನ್ನಡದಲ್ಲಿ ‘ಸಂಧಿವಾತಕ್ಕೆ ರಾಮಬಾಣ’ ಎಂದು ಮಾರಿದ್ದಾನೆ, ಅಚ್ಚು ಹಾಕಿಸಿದ ಕರಪತ್ರವನ್ನೂ ಕೊಟ್ಟಿದ್ದಾನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಸಂಧಿವಾತವೂ ಇದೆ. ಅದನ್ನು ಗುಣಪಡಿಸುತ್ತೇನೆಂದು ಜಾಹೀರಾತು ಕೊಡುವುದು ಅಪರಾಧ. ಎಚ್ಚರಿಕೆ ಇಂಗ್ಲಿಷಿನಲ್ಲಿ, ಆಮಿಷ ಕನ್ನಡದಲ್ಲಿ ಎಂಬ ಈ ವ್ಯವಸ್ಥೆಯನ್ನು ಕನಿಷ್ಠ ಶಿರಸಿಯ ಮಾರಿಜಾತ್ರೆಯಂಥ, ಲಕ್ಷಾಂತರ ಜನ ಸೇರುವ ಕಡೆಗಳಲ್ಲಿಯಾದರೂ ತಾವು ಬಂದು ನೋಡಬೇಕು.

ಅಂಥ ಮೇಜುಗಳ ಮುಂದೆ ನಿಲ್ಲುವವರಿಗೆ ಬೇರೆ ದಾರಿ ತೋರಿಸುವುದೂ ಇಲಾಖೆಯ ಕೆಲಸವೇ. ಅಕ್ಕ ಈಗ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮ ಮಾಡುತ್ತಾಳೆ, ಅಡಿಕೆಯನ್ನು ಎತ್ತರದ ಮಣೆಯ ಮೇಲೆ ಕುಳಿತು ಸುಲಿಯುತ್ತಾಳೆ, ಮಂಡಿಗೆ ಹಚ್ಚುವ ಜೆಲ್ ಇಟ್ಟುಕೊಂಡಿದ್ದಾಳೆ. ನೋವು ಪೂರ್ತಿ ಹೋಗಿಲ್ಲ. ಆ ವ್ಯಾಯಾಮ ಕಲಿಯಲು ಅವಳು ಬಸ್ಸಿನಲ್ಲಿ ಎರಡು ತಾಸು ಹೋಗಿಬರಬೇಕಾಯಿತು, ಡಬ್ಬಿ ಮಾತ್ರ ಸಂತೆಯಲ್ಲಿಯೇ ಸಿಕ್ಕಿತ್ತು.

ಆ ಡಬ್ಬಿಯನ್ನೂ ಕರಪತ್ರವನ್ನೂ ನಾನು ಎತ್ತಿಟ್ಟಿದ್ದೇನೆ. ಇಪ್ಪತ್ತೆರಡು ಕ್ಯಾಪ್ಸೂಲು ಉಳಿದಿವೆ, ಬ್ಯಾಚ್ ಸಂಖ್ಯೆ ಓದಲು ಬರುತ್ತದೆ, ಅವಧಿ ಇನ್ನೂ ಮುಗಿದಿಲ್ಲ. ಲೇಬಲ್ಲಿನಲ್ಲಿ ಬರೆದದ್ದೇ ಒಳಗಿದೆಯೇ ಎಂದು ಪರೀಕ್ಷಿಸಲು ತಮಗೆ ಬೇಕೆಂದಾದರೆ ಯಾವ ಕಚೇರಿಯಲ್ಲಿ ಯಾರ ಕೈಗೆ ಕೊಟ್ಟು ರಸೀದಿ ಪಡೆಯಬೇಕೆಂದು ತಿಳಿಸಿ. ಮರುದಿನ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ತರುತ್ತೇನೆ.

ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ